ಮೊದಲು ಅತ್ತಿಗೆಗೆ, ಆಮೇಲೆ ನಿಮಗೆಲ್ಲರಿಗೂ

ಈ ವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ಅದೂ ಪೂರ್ತಿ ದಿನ. ಮೆಟ್ಟಿಲು ಹತ್ತಿದ ಮೇಲೆ ಎಲ್ಲಾದರೂ ಕೂತುಬಿಡೋಣ ಅನಿಸುವುದಿಲ್ಲ. ವಿಚಾರಿಸಿಕೊಂಡವರು ತುಂಬ ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋದು ಕಷ್ಟ, ಅದಕ್ಕೇ ಇದು.

ಹೃದಯದ ಕತೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ. ನನ್ನ ಕೆಲಸ ಹಂಚಿಕೊಂಡ ಸಹೋದ್ಯೋಗಿಗಳು, ಮಕ್ಕಳನ್ನು ನೋಡಿಕೊಂಡ ಪಕ್ಕದ ಮನೆಯವರು, ರಕ್ತಪರೀಕ್ಷೆಗೆ ಕರೆದುಕೊಂಡು ಹೋದ ಗೆಳೆಯರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಅತ್ತಿಗೆಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಎದೆಬಡಿತ ಹಿಡಿತ ತಪ್ಪಿದ ಆ ರಾತ್ರಿ ನನ್ನ ಹತ್ತಿರ ಉಳಿದವರು ಅವರೊಬ್ಬರೇ. ಬೆಳಗಿನವರೆಗೂ ಅಣ್ಣನ ಮೇಲೆ ದೂರು ಹೇಳುತ್ತಾ ಕೂತಿದ್ದರು, ಮದುವೆಯಾದ ದಿನದಿಂದ ಶುರು ಮಾಡಿ. (ಅಣ್ಣ, ಅದರಲ್ಲಿ ಅರ್ಧ ನಿಜ ಅಂತ ನನಗೂ ಗೊತ್ತು.) ನನ್ನ ಕಣ್ಣು ಮಾನಿಟರ್ ಕಡೆ ಹೋಗಬಾರದು ಅನ್ನೋದೇ ಅವರ ಉಪಾಯ. ಅದು ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ.

ಬಡಿತವನ್ನು ದಾರಿಗೆ ತಂದದ್ದು ಅಮಿಯೋಡರೋನ್. ಆದರೆ ಆ ಔಷಧದ ತೂಕದಲ್ಲಿ ಸುಮಾರು 37% ಅಯೋಡಿನ್. 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ 75 ಮಿಲಿಗ್ರಾಂ ಆಯಿತು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ ಅಷ್ಟೆ. ಇರುವುದೆಲ್ಲ ಒಮ್ಮೆಗೇ ಬಿಡುಗಡೆಯಾಗಲ್ಲ, ನಿಜ. ಆದರೂ ಕೆಲವರ ಥೈರಾಯ್ಡ್‌ಗೆ ಅದನ್ನು ತಾಳಿಕೊಳ್ಳಲು ಆಗಲ್ಲ. ನನ್ನದೂ ಸೋತಿತು, ಹಾರ್ಮೋನ್ ಕಡಿಮೆಯಾಯಿತು. ಆ ಕೊರತೆ ತುಂಬುವ ಹಾರ್ಮೋನ್ ಮಾತ್ರೆ ಥೈರಾಕ್ಸಿನ್, ಹೃದಯದ ಕಾರಣಕ್ಕೆ ಸಣ್ಣ ಡೋಸ್‌ನಲ್ಲೇ ಶುರುವಾಯಿತು. ಆಮೇಲೆ ಶುಗರ್ ಏರಿತು ಅಂತ ಮೆಟ್‌ಫಾರ್ಮಿನ್ ಸೇರಿತು.

ಮುಂದಿನ ರಿಪೋರ್ಟ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಸೋತಾಗ ಏರುವ, ಅದಕ್ಕೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ಚೆನ್ನಾಗಿ ಇಳಿದಿತ್ತು. ಎಲ್ಲರಿಗೂ ಖುಷಿ. ನನಗೆ ಮಾತ್ರ ಅದೇ ಚಳಿ, ಅದೇ ಊದಿದ ಮುಖ, ಹಾಸಿಗೆ ಬಿಟ್ಟು ಏಳಲಾಗದ ಅದೇ ಸುಸ್ತು. ಹೇಳಲು ನಾಚಿಕೆ. ರಿಪೋರ್ಟೇ ಸರಿ ಇರುವಾಗ ಇದು ಸೋಮಾರಿತನ ಅಂದುಕೊಂಡುಬಿಟ್ಟರೆ? "ನಂಬರ್ ಹಾಳಾಗಲಿ, ನಿನಗೆ ಹೇಗಿದೆ ಹೇಳು" ಅಂದರು ಅತ್ತಿಗೆ. ನಾನು ಜೋರಾಗಿ ಅತ್ತುಬಿಟ್ಟೆ. ಅಷ್ಟು ಅಳು ಎಲ್ಲಿತ್ತೋ.

ಹಳೆಯ ರಿಪೋರ್ಟ್‌ಗಳನ್ನೆಲ್ಲ ಜೋಡಿಸಿಕೊಂಡು ಡಾಕ್ಟರ ಮುಂದೆ ಕೂತವರೂ ಅವರೇ. "ಟಿಎಸ್‌ಎಚ್ ಇಳಿದಿದೆ ಸರಿ, ಫ್ರೀ ಟಿ4 ಯಾಕೆ ಇದ್ದಲ್ಲೇ ಇದೆ? ಹೊಸದಾಗಿ ಸೇರಿದ್ದು ಶುಗರ್ ಮಾತ್ರೆ ಒಂದೇ ಅಲ್ವಾ?" (ಫ್ರೀ ಟಿ4 ಅಂದರೆ ರಕ್ತದಲ್ಲಿ ಬಳಕೆಗೆ ಸಿಗುವ ಥೈರಾಯ್ಡ್ ಹಾರ್ಮೋನ್.) ಡಾಕ್ಟರು ಸಿಟ್ಟಾಗಲಿಲ್ಲ, ಅದಕ್ಕೆ ಅವರಿಗೊಂದು ದೊಡ್ಡ ಥ್ಯಾಂಕ್ಸ್. ಥೈರಾಯ್ಡ್ ಕಡಿಮೆ ಇರುವವರಲ್ಲಿ ಮೆಟ್‌ಫಾರ್ಮಿನ್ ಟಿಎಸ್‌ಎಚ್ ಅನ್ನು ಇಳಿಸಬಹುದಂತೆ. ಹಾಗಂತ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗಿದೆ ಅಂತಲ್ಲ. ಥೈರಾಯ್ಡ್ ಸರಿ ಇರುವವರಲ್ಲಿ ಸಾಮಾನ್ಯವಾಗಿ ಹೀಗೆ ಆಗಲ್ಲ. ಶುಗರ್‌ಗೆ ಬೇಕಾದ ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ. ಫ್ರೀ ಟಿ4 ಮತ್ತು ನನ್ನ ತೊಂದರೆ ಎರಡನ್ನೂ ನೋಡಿ ಥೈರಾಕ್ಸಿನ್ ಡೋಸ್ ಮೆಲ್ಲಗೆ ಏರಿಸಿದರು.

ಅಮಿಯೋಡರೋನ್ ಈಗ ನಿಂತಿದೆ. ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುವ ಔಷಧ ಅದು. ಹಾಗಾಗಿ ರಕ್ತಪರೀಕ್ಷೆಗಳು ಇನ್ನೂ ಇವೆ. ಇನ್ನು ಮುಂದೆ ನಾನೊಬ್ಬಳೇ ಹೋಗುತ್ತೇನೆ ಅಂದೆ. ಅತ್ತಿಗೆ ಆಗಲೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಅವತ್ತಿಗೆ ರಜೆಯನ್ನೂ ಹಾಕಿದ್ದಾರೆ.