ತಗೊಳ್ಳಲಾ, ಬೇಡವಾ ಅಂತ ಕೇಳಿದೆಯಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದಾಗ ನಾನು ಜೀಪಿನ ಕೆಳಗೆ ಅಂಗಾತ ಮಲಗಿದ್ದೆ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಟಾರ್ಚು, ಎಡಗಿವಿಯೊಳಗೆ ಒಂದು ಹನಿ ಗೇರ್ ಆಯಿಲ್. ಕೈ ಒರೆಸಿಕೊಂಡು ಫೋನ್ ನೋಡಿದರೆ ಎತ್ತರದ ಬಾನೆಟ್ಟಿನ, ಹಸಿರು ಬಣ್ಣದ ಹಳೇ ಜೀಪಿನ ಫೋಟೋ. ಕೆಳಗೆ ಒಂದೇ ಸಾಲು: "ತಗೊಳ್ಳಲಾ, ಬೇಡವಾ?" ಹೂಂ ಅಥವಾ ಉಹೂಂ ಅಂತ ಹೇಳಿ ಮುಗಿಸೋ ವಿಷಯ ಅಲ್ಲಪ್ಪ ಇದು. ಹಾಗಾಗಿ ಪತ್ರ ಬರೀತಿದ್ದೀನಿ. ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡ್ತಿರೋರು ಇನ್ನೂ ಇದ್ದಾರೆ, ಅವರೂ ಓದಿಕೊಳ್ಳಲಿ.

ಮೊದಲು ಆ ಬಾನೆಟ್ಟಿನ ವಿಷಯ. ನಿನಗೆ ಅದು ಸ್ವಲ್ಪ ವಿಚಿತ್ರವಾಗಿ ಕಂಡಿರಬೇಕು. ನನ್ನದೂ ಅದೇ, ವಿಲ್ಲಿಸ್ ಸಿಜೆ-3ಬಿ. ಯುದ್ಧಕಾಲದ ಜೀಪಿಗೆ ಬಾನೆಟ್ಟು ತಗ್ಗಾಗಿತ್ತು. 1953ರಲ್ಲಿ ಈ ಮಾಡೆಲ್ ಬಂದಾಗ ಹೊಸ ಇಂಜಿನ್ ಕೂರಿಸಿದರು. ಅದರಲ್ಲಿ ಪೆಟ್ರೋಲು-ಗಾಳಿ ಒಳಗೆ ಬಿಡೋ ವಾಲ್ವುಗಳು ಮೇಲಿನ ಹೆಡ್ಡಿಗೆ ಹತ್ತಿದವು, ಹೊಗೆ ಹೊರಗೆ ಹಾಕೋ ವಾಲ್ವುಗಳು ಕೆಳಗೆ ಬ್ಲಾಕಿನಲ್ಲೇ ಉಳಿದವು. ಇಂಜಿನ್ ಎತ್ತರ ಆಯ್ತು, ಹಳೇ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಸರಿ, ಬಾನೆಟ್ಟನ್ನೇ ಮೇಲೆತ್ತಿದರು. ಮುಗೀತು ಕಥೆ. ನೋಡೋರಿಗೆ ಚೆಂದ ಕಾಣಲಿ ಅಂತ ಎಳೆದ ಗೆರೆ ಈ ಗಾಡಿಯಲ್ಲಿ ಒಂದೂ ಸಿಗಲ್ಲ ನಿನಗೆ. 2.2 ಲೀಟರ್ ಇಂಜಿನ್, 70ರ ಆಸುಪಾಸಿನ ಹಾರ್ಸ್‌ಪವರ್, ಮೂರೇ ಗೇರು. ಓವರ್‌ಟೇಕ್ ಅನ್ನೋ ಪದ ಇವತ್ತೇ ಮರೆತುಬಿಡು.

ಹನ್ನೊಂದು ವರ್ಷ ಇದರ ಜೊತೆ ಏಗಿದ ಮೇಲೆ ನಾನು ಧೈರ್ಯವಾಗಿ ಹೇಳಬಲ್ಲ ಮಾತು ಒಂದೇ. ಇದು ಹೇಳದೇ ಕೇಳದೇ ಕೆಡೋ ಗಾಡಿ ಅಲ್ಲ. ತಿಂಗಳುಗಟ್ಟಲೆ ಮುಂಚೆಯಿಂದ ಗೊಣಗುತ್ತೆ, ಕೀರುತ್ತೆ, ಒಂದು ಕಡೆಗೆ ಎಳೆಯುತ್ತೆ, ವಾಸನೆ ಬಿಡುತ್ತೆ. ನಾನು ದಾರಿಯಲ್ಲಿ ನಿಂತಿದ್ದೆಲ್ಲ ಹೆಚ್ಚುಕಮ್ಮಿ ಕೇಳಿಸಿಕೊಂಡೂ ಕೇಳಿಸದವನ ಹಾಗೆ ಓಡಿಸಿದ್ದಕ್ಕೇ.

ಕಳೆದ ವರ್ಷದ್ದೇ ಹೇಳ್ತೀನಿ. ಗಂಟೆಗೆ ಐವತ್ತರ ಹತ್ತಿರ ಹೋಗುವಾಗ ಮುಂದಿನ ಚಕ್ರ ಸಣ್ಣ ಗುಂಡಿಗೆ ಇಳಿದರೆ ಸ್ಟೇರಿಂಗು ಒಂದೆರಡು ಸಲ ತಲೆ ಅಲ್ಲಾಡಿಸ್ತಿತ್ತು. ವಯಸ್ಸಾದ ಗಾಡಿ, ಅಷ್ಟೂ ಇರಲ್ವಾ ಅಂದುಕೊಂಡೆ. ಒಂದೆರಡು ಸಲ ಇದ್ದದ್ದು ಏಳೆಂಟು ಸಲ ಆಯ್ತು. ಆಗಲೂ ಸುಮ್ಮನಿದ್ದೆ. ಒಂದು ದಿನ ಇಳಿಜಾರಿನಲ್ಲಿ ಶುರುವಾದದ್ದು ನಿಲ್ಲಲೇ ಇಲ್ಲ ಕಣೋ. ಮುಂದಿನ ಎರಡೂ ಚಕ್ರ ಎಡಕ್ಕೂ ಬಲಕ್ಕೂ ಹೊಡೆದುಕೊಳ್ತಿವೆ, ಮಡ್‌ಗಾರ್ಡುಗಳು ಕುಣೀತಿವೆ, ಮೀಟರಿನ ಮುಳ್ಳು ಎಲ್ಲಿದೆ ಅಂತಲೇ ಕಾಣ್ತಿಲ್ಲ. ಆ ಹೊತ್ತಿಗೆ ಇರೋ ಮದ್ದು ಒಂದೇ: ಗಟ್ಟಿಯಾಗಿ ಹಿಡಿದು, ಬಹುತೇಕ ನಿಲ್ಲೋ ತನಕ ವೇಗ ಇಳಿಸೋದು. ಇಳಿಸಿದೆ. ಇಂಜಿನ್ ಆಫ್ ಮಾಡಿದ ಮೇಲೂ ಐದು ನಿಮಿಷ ನನ್ನ ಮೊಣಕೈ ನಡುಗ್ತಾನೇ ಇತ್ತು.

ಆಮೇಲೆ ಮಾಡಿದ ದಡ್ಡತನ ಕೇಳು. ಟೈರು ಬ್ಯಾಲೆನ್ಸ್ ಮಾಡಿಸಿದೆ. ಟೈ ರಾಡ್ ಎಂಡುಗಳನ್ನ ಬದಲಾಯಿಸಿದೆ. ಸ್ಟೇರಿಂಗ್ ಡ್ಯಾಂಪರ್, ಅಂದರೆ ಸ್ಟೇರಿಂಗಿನ ನಡುಕ ಹಿಡಿದಿಡೋ ಶಾಕ್ ಅಬ್ಸಾರ್ಬರ್ ಹಾಕಿಸು ಅಂತ ಯಾರೋ ಅಂದರು, ಹಾಕಿಸಿದೆ, ಒಂದು ತಿಂಗಳು ನೆಮ್ಮದಿಯಾಗಿದ್ದೆ. ಅಳೋ ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ ಅದು. ಒಳಗಿನ ಸವೆತ ಸವೆಯುತ್ತಲೇ ಇತ್ತು. ಕೊನೆಗೆ ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು, ಚಕ್ರದ ತಲೆ ಒಂದು ಕೈಯಲ್ಲಿ, ಬುಡ ಇನ್ನೊಂದರಲ್ಲಿ ಹಿಡಿದು ಅಲ್ಲಾಡಿಸಿದೆ. 'ಟಕ್' ಅಂತು. ಚಕ್ರದ ಬೇರಿಂಗೇ ಇರಬಹುದು ಅಂತ ಮಗನ ಕೈಲಿ ಬ್ರೇಕ್ ತುಳಿಸಿಕೊಂಡು ಮತ್ತೆ ಅಲ್ಲಾಡಿಸಿದೆ. ಆಗಲೂ ಟಕ್. ಅಲ್ಲಿಗೆ ಕಳ್ಳ ಸಿಕ್ಕ, ಕಿಂಗ್ ಪಿನ್ ಬೇರಿಂಗು. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಎಡಬಲಕ್ಕೆ ಹೊರಳೋದು ಆ ಪಿನ್ನಿನ ಮೇಲೇ. ಇದನ್ನ ನೋಡೋಕೆ ಬೇಕಾಗಿದ್ದು ಒಂದು ಜಾಕು, ಎರಡು ಕೈ, ಐದು ನಿಮಿಷ. ನಾನು ತಗೊಂಡಿದ್ದು ನಾಲ್ಕು ತಿಂಗಳು.

ರಿಪೇರಿ ಮಾತ್ರ ಖುಷಿಯ ಕೆಲಸ, ಸುಳ್ಳು ಹೇಳಲ್ಲ. ಚಕ್ರ ಎಡಬಲಕ್ಕೆ ಹೊರಳೋಕೆ ಆಕ್ಸಲ್ ತುದಿಯಲ್ಲೊಂದು ಕಬ್ಬಿಣದ ಗುಂಡು ಇದೆ, ಅದರ ಮೇಲೊಂದು ಕೆಳಗೊಂದು ಬೇರಿಂಗು ಇರುತ್ತೆ. ಪಿನ್ನಿನ ಮುಚ್ಚಳದಡಿ ಕಾಗದದಷ್ಟು ತೆಳುವಾದ ಲೋಹದ ಶಿಮ್ಮುಗಳು. ಶಿಮ್ ತೆಗೆದಷ್ಟೂ ಬಿಗಿ, ಸೇರಿಸಿದಷ್ಟೂ ಸಡಿಲ. ಮೇಲೆ ಎಷ್ಟು ದಪ್ಪ ಇಡ್ತೀಯೋ ಕೆಳಗೂ ಅಷ್ಟೇ ಇಡಬೇಕು, ಇಲ್ಲದಿದ್ದರೆ ಒಳಗಿನ ಆಕ್ಸಲ್ ನಡುಮಧ್ಯಕ್ಕೆ ಕೂರಲ್ಲ. ಬಿಗಿ ಎಷ್ಟಾಯ್ತು ಅಂತ ನೋಡೋಕೆ ತೂಕದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೀಬೇಕು. ಎಳೆದೆ, ಬಿಚ್ಚಿದೆ, ಒಂದು ಶಿಮ್ ತೆಗೆದೆ, ಕಟ್ಟಿದೆ, ಮತ್ತೆ ಎಳೆದೆ. ಆರನೇ ಸಲಕ್ಕೆ ಹೊಂದಿತು ಅನ್ನುವಾಗ ಒಂದು ಶಿಮ್ ಕಾಣೆ. ಒಂದು ಗಂಟೆ ನೆಲದ ಮೇಲೆಲ್ಲ ಹುಡುಕಿದೆ, ಕಸ ಗುಡಿಸಿ ಜರಡಿ ಹಿಡಿದೆ. ಕೈ ತೊಳೆಯೋಕೆ ಹೋದಾಗ ಮೊಣಕೈಗೆ ಗ್ರೀಸಿನಲ್ಲಿ ಅಂಟಿಕೊಂಡು ಹೊಳೀತಾ ಕೂತಿತ್ತು.

ಗ್ರೀಸು ಅಂದಾಗ ನೆನಪಾಯ್ತು, ಸ್ಪ್ಯಾನರ್ ಪೆಟ್ಟಿಗೆ ಎರಡು ಇಟ್ಟುಕೋಬೇಕಾಗುತ್ತೆ. ಈ ಗಾಡಿ ಹುಟ್ಟಿದ್ದು ಇಂಚಿನ ಲೆಕ್ಕದಲ್ಲಿ. ಆಮೇಲೆ ಕೈ ಬದಲಾದಾಗಲೆಲ್ಲ ಯಾರ್ಯಾರೋ ಕೈಗೆ ಸಿಕ್ಕ ಮಿಲಿಮೀಟರ್ ಬೋಲ್ಟು ತುರುಕಿದ್ದಾರೆ. ಒಂದೇ ಸಾಲಿನ ನಾಲ್ಕು ಬೋಲ್ಟಿನಲ್ಲಿ ಮೂರು ಇಂಚು, ಒಂದು ಮಿಲಿಮೀಟರು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಸಲೀಸಾಗಿ ಕೂರುತ್ತೆ, ಬಲ ಹಾಕಿದ ತಕ್ಷಣ ಜಾರಿ ಬೋಲ್ಟಿನ ಮೂಲೆ ಸವರಿಬಿಡುತ್ತೆ, ನಿನ್ನ ಬೆರಳಿನ ಗೆಣ್ಣು ಹೋಗಿ ಸ್ಪ್ರಿಂಗಿಗೆ ಬಡಿಯುತ್ತೆ. 9/16 ಅಂದರೆ ಹೆಚ್ಚುಕಮ್ಮಿ 14.3. 14ರದ್ದು ಹೋಗಲ್ಲ, 15ರದ್ದು ನಿಲ್ಲಲ್ಲ. ನನ್ನ ಬಲಗೈ ನೋಡಿ ನೀನೇ ಒಂದು ಸಲ ಕೇಳಿದ್ದೆ, ಇದೇನು ಗಾಯ ಅಂತ. ಆ 13ರದ್ದೇ ಅದು.

ಇನ್ನು ವೈಪರ್. ಇದನ್ನ ಕೇಳಿ ನಗು, ಆದರೆ ಮಳೆಗಾಲದಲ್ಲಿ ನಗು ಬರಲ್ಲ. ಇದರ ವೈಪರಿಗೆ ಕರೆಂಟಿನ ಮೋಟಾರು ಇಲ್ಲ. ಇಂಜಿನ್ ಉಸಿರು ಎಳೆಯುವಾಗ ಮ್ಯಾನಿಫೋಲ್ಡಿನಲ್ಲಿ ಆಗೋ ನಿರ್ವಾತದಲ್ಲಿ ಅದು ಆಡುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದೆ ಅಂದುಕೋ, ನಿರ್ವಾತ ಬಿದ್ದುಹೋಗುತ್ತೆ, ವೈಪರ್ ಗಾಜಿನ ನಡುವೆ ನಿಂತುಬಿಡುತ್ತೆ. ಏರು ಹತ್ತುವಾಗ ಕಾಲು ಒತ್ತಿದರೆ ದಾರಿ ಕಾಣಲ್ಲ, ಕಾಲು ತೆಗೆದರೆ ದಾರಿ ಕಾಣುತ್ತೆ, ಗಾಡಿ ಹತ್ತಲ್ಲ. ನಾನು ಒತ್ತೋದು, ಬಿಡೋದು, ಒಂದು ಬೀಸು ಬೀಸಿಸಿಕೊಳ್ಳೋದು, ಮತ್ತೆ ಒತ್ತೋದು ಹೀಗೆ ಹತ್ತಿಸ್ತೀನಿ. ಪಕ್ಕದ ಸೀಟಿನವರ ವೈಪರಿಗೆ ಅದೂ ಇಲ್ಲ, ಕೈಯಲ್ಲೇ ತಿರುಗಿಸಬೇಕು. ಕರೆಂಟಿನ ಮೋಟಾರ್ ಹಾಕಿಸಬಹುದು, ಬೇಕಾದಷ್ಟು ಜನ ಹಾಕಿಸಿದ್ದಾರೆ, ಅದೇ ಸರಿ ಕೂಡ. ನಾನು ಪ್ರತಿ ಮಳೆಗಾಲಕ್ಕೂ ಮುಂದಿನ ವರ್ಷ ಅಂತೀನಿ.

ಇಷ್ಟೆಲ್ಲ ಇದ್ದೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳ್ತೀಯ. ಲೋ ಗೇರಿಗೋಸ್ಕರ ಕಣೋ.

ಗೇರ್ ಕಡ್ಡಿಯ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕಡ್ಡಿ ನೋಡಿದ್ದೀಯಲ್ಲ. ಒಂದು ಮುಂದಿನ ಚಕ್ರಗಳಿಗೆ ಬಲ ಕೊಡೋದು, ಇನ್ನೊಂದು ಹೈ-ಲೋ, ಅಂದರೆ ಮಾಮೂಲಿ ವೇಗಕ್ಕೆ ಹೈ, ನಿಧಾನಕ್ಕೆ ಜಾಸ್ತಿ ಬಲ ಬೇಕಾದಾಗ ಲೋ. ಮೊದಲನೆಯದು ಬೀಳದೇ ಎರಡನೆಯದು ಲೋಗೆ ಬೀಳಲ್ಲ. ಎರಡೂ ಹಾಕಿ, ಫಸ್ಟ್ ಗೇರಿಗೆ ತಳ್ಳಿ ಕ್ಲಚ್ ಬಿಟ್ಟರೆ ಇಂಜಿನ್ ಸುಮಾರು 37 ಸುತ್ತು ಸುತ್ತಿದಾಗ ಚಕ್ರ ಸುತ್ತೋದು ಒಂದೇ ಸುತ್ತು. ಆಕ್ಸಿಲರೇಟರ್ ಮುಟ್ಟೋದೇ ಬೇಡ. ಐಡಲ್‌ನಲ್ಲೇ, ಮನುಷ್ಯ ನಡೆಯೋದಕ್ಕಿಂತ ನಿಧಾನಕ್ಕೆ, ಗಂಟೆಗೆ ಎರಡು ಎರಡೂವರೆ ಕಿಲೋಮೀಟರಿನಲ್ಲಿ ಅದು ತಾನಾಗಿ ಹೊರಡುತ್ತೆ. ಮುಂದೆ ಬಂಡೆ ಬರುತ್ತೆ. ಮುಂದಿನ ಟೈರು ಅದಕ್ಕೆ ಒರಗುತ್ತೆ, ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಲ್ಲುತ್ತೆ, ಇಂಜಿನ್ ಸದ್ದು ಒಂಚೂರು ಭಾರ ಆಗುತ್ತೆ. ಲೀಫ್ ಸ್ಪ್ರಿಂಗು ಕಿರ್ ಅಂತ ಬಾಗುತ್ತೆ, ಆಮೇಲೆ ಬಾನೆಟ್ಟು ಮೆಲ್ಲಗೆ ಆಕಾಶದ ಕಡೆ ಏಳುತ್ತೆ. ಆ ಹೊತ್ತು ಸ್ಟೇರಿಂಗ್ ಮೇಲೆ ಹೆಬ್ಬೆರಳು ಒಳಗೆ ಸುತ್ತಿ ಹಿಡೀಬೇಡ, ಚಕ್ರ ಕಲ್ಲಿಗೆ ಹೊಡೆದರೆ ಸ್ಟೇರಿಂಗು ಗರ್ರನೆ ತಿರುಗಿ ಹೆಬ್ಬೆರಳನ್ನ ಮುರಿದೇಬಿಡುತ್ತೆ. ಅಂಗೈ ಇಟ್ಟುಕೊಂಡಿರು ಸಾಕು. ಇಳಿಯುವಾಗಲೂ ಅದೇ ಗೇರು, ಬ್ರೇಕಿನ ಹಂಗಿಲ್ಲ, ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತೆ. ಬಾಗಿಲಿಲ್ಲ, ಮುಂದಿನ ಗಾಜನ್ನ ಬಾನೆಟ್ಟಿನ ಮೇಲೆ ಮಲಗಿಸಿದ್ದೀನಿ, ಚಕ್ರದಡಿ ಒಂದೊಂದು ಕಡ್ಡಿ ಮುರಿಯೋದೂ ಕೇಳಿಸುತ್ತೆ. ಅದನ್ನ ನಾನು ಬರೆದು ತಿಳಿಸೋಕಾಗಲ್ಲ, ಬಂದು ಕೂತ್ಕೋ.

ಒಣ ಡಾಂಬರು ರಸ್ತೆಯಲ್ಲಿ ಮಾತ್ರ ಫೋರ್ ವೀಲ್ ಹಾಕಬೇಡ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಇದರಲ್ಲಿ ಎರಡು ಆಕ್ಸಲ್ಲಿನ ನಡುವೆ ಆ ವ್ಯತ್ಯಾಸ ಹೊಂದಿಸೋ ಡಿಫರೆನ್ಷಿಯಲ್ ಗೇರು ಇಲ್ಲ, ಒಂದನ್ನೊಂದು ಎಳೆದಾಡ್ತವೆ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತೆ, ಡಾಂಬರಲ್ಲಿ ಜಾರಲ್ಲ, ತಿರುಚು ಒಳಗೇ ಕೂತುಬಿಡುತ್ತೆ. ಆಮೇಲೆ ಕಡ್ಡಿ ಎಷ್ಟು ಎಳೆದರೂ ಬರಲ್ಲ. ಬಲ ಹಾಕೋಕೆ ಹೋಗಬೇಡ, ನಾಲ್ಕು ಅಡಿ ರಿವರ್ಸ್ ತಗೋ, ತಾನಾಗೇ ಬಿಡುತ್ತೆ. ಮೊದಲ ಸಲ ನಾನು ಇದು ಗೊತ್ತಿಲ್ಲದೆ ಕಡ್ಡಿಯ ಮೇಲೆ ನಿಂತಿದ್ದೆ. ನೀರು ದಾಟಿದ ಮೇಲೂ ಹಾಗೇ, ಡ್ರಮ್ ಬ್ರೇಕು ನೆನೆದು ಕೆಲಸ ಮಾಡಲ್ಲ. ಮೆಲ್ಲಗೆ ಓಡಿಸ್ತಾ ಬ್ರೇಕ್ ಒಂಚೂರು ಒತ್ತಿ ಹಿಡಿದು ಒಣಗಿಸಿಕೊಂಡು ಆಮೇಲೆ ವೇಗ ಹಿಡಿ.

ನಿನ್ನ ಫೋಟೋದ ಗಾಡಿಗೆ ಬರ್ತೀನಿ. ಬಣ್ಣ ತೀರಾ ಹೊಸದು, ನನಗೆ ಅದೇ ಅನುಮಾನ. ಬಾಡಿ ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಕಟ್ ಮಾಡಿ ಬೆಸುಗೆ ಹಾಕಬಹುದು. ಚಾಸಿ ನೋಡು, ಅದರಲ್ಲೂ ಸ್ಪ್ರಿಂಗ್ ಕೂತಿರೋ ಜಾಗ. ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗು, ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತಿಂದುಹೋಗಿರೋದು ಸದ್ದೇ ಮಾಡಲ್ಲ. ಆಕ್ಸಲ್ಲಿನ ಆಯಿಲ್ ಮುಚ್ಚಳ ಬಿಚ್ಚಿ ಬೆರಳು ಹಾಕಿ ನೋಡು, ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕಾಲು ತೆಗಿ, ಗೇರು ತಾನಾಗೇ ನ್ಯೂಟ್ರಲ್ಲಿಗೆ ಹಾರುತ್ತಾ ನೋಡು. ಮುಂದಿನ ಚಕ್ರ ಎತ್ತಿ ಅಲ್ಲಾಡಿಸು, ಬ್ರೇಕ್ ತುಳಿಸಿಕೊಂಡು. ಚಾಸಿ ಮೇಲಿನ ನಂಬರು ಕಾಗದದಲ್ಲಿರೋ ನಂಬರಿಗೆ ತಾಳೆ ಆಗದಿದ್ದರೆ ಮಾತೇ ಬೇಡ, ವಾಪಸ್ ಬಾ.

ಭಾನುವಾರ ಹೋಗೋಣ, ಎರಡೂ ಸ್ಪ್ಯಾನರ್ ಪೆಟ್ಟಿಗೆ ತರ್ತೀನಿ. ಮಾರೋರಿಗೆ ಮೊದಲೇ ಹೇಳಿಡು, ನಾವು ಬರೋ ತನಕ ಸ್ಟಾರ್ಟ್ ಮಾಡೋದು ಬೇಡ ಅಂತ. ಹೋದ ತಕ್ಷಣ ಮಾತಿಗೆ ಮುಂಚೆ ಬಾನೆಟ್ಟಿನ ಮೇಲೆ ಕೈ ಇಡು. ಬೆಚ್ಚಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಇಂಜಿನ್ ಏನೋ ಹೇಳುತ್ತೆ, ಅದು ನಮ್ಮ ಕಿವಿಗೆ ಬೀಳಬಾರದು ಅಂತ ಅವರಿಗಿದೆ. ಇನ್ನೊಂದು ದಿನ ಬರ್ತೀವಿ ಅಂತ ಹೇಳಿ ಎದ್ದು ಬರೋಣ.

ಇತಿ,
ನಿನ್ನ ಗೆಳೆಯ