ಮಗಳಿಗೊಂದು ಪತ್ರ: ಆ ಹೊಳೆ ಪಕ್ಕದ ಮನೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಜಾಸ್ತಿನೇ ಕೂಗಾಡಿದೆ. ನೀನು ಖುಷಿಯಿಂದ "ಅಪ್ಪಾ, ನಾಗಾನೊದಲ್ಲಿ ಮನೆ ಸಿಕ್ಕಿತು, ನೆಲಮಹಡಿ, ಬಾಡಿಗೆ ಕಡಿಮೆ, ಹತ್ತು ಹೆಜ್ಜೆಗೆ ಹೊಳೆ" ಅಂದೆ. ಹೊಳೆ ಅಂದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ರಾತ್ರಿಯೆಲ್ಲ ಅದರ ಬಗ್ಗೆಯೇ ಓದಿದೆ.

ಆ ಹೊಳೆಯ ಹೆಸರು ನಿಮ್ಮಲ್ಲಿ ಚಿಕುಮಾ, ಪಕ್ಕದ ನಿಗಾಟಾ ಪ್ರಾಂತ್ಯಕ್ಕೆ ಹೋದರೆ ಶಿನಾನೊ. ಒಟ್ಟು 367 ಕಿ.ಮೀ., ಜಪಾನಿನಲ್ಲೇ ಉದ್ದದ್ದು. ಇದೆಲ್ಲ ನಿನಗೆ ಗೊತ್ತಿರುತ್ತೆ, ಅವರ ಭಾಷೆಯಲ್ಲೇ ಓದುತ್ತೀಯ. ಓಣಿಯವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತೇನೆ, ಅದು ಬೇರೆ ಮಾತು. ನನಗೆ ದಿಗಿಲಾಗಿದ್ದು ನಿಮ್ಮೂರಿನ ಕೆಳಗಿರುವ ತಾತೆಗಹಾನಾ. ಬಯಲಲ್ಲಿ ಕೈಕಾಲು ಚಾಚಿಕೊಂಡು ಬಂದ ಹೊಳೆ ಅಲ್ಲಿ ಬೆಟ್ಟದ ಸಂದಿಯಲ್ಲಿ ತೂರಬೇಕು. ಮಳೆ ಮಿತಿಮೀರಿದರೆ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಏರುತ್ತೆ.

2019ರ ಅಕ್ಟೋಬರ್ 13ರ ನಸುಕಿನಲ್ಲಿ ನಿಮ್ಮ ನಾಗಾನೊದ ಹೊಯಾಸು ಹತ್ತಿರ ದಂಡೆ ಸುಮಾರು 70 ಮೀಟರ್ ಕಿತ್ತುಹೋಯಿತು. ಸೇಬಿನ ತೋಟಗಳು ಕೆಸರಾದವು. ನಿಂತಿದ್ದ ಹತ್ತು ಬುಲೆಟ್ ರೈಲು, 120 ಡಬ್ಬಿ, ಮುಳುಗಿ ಗುಜರಿಗೆ ಹೋದವು. ಆ ಫೋಟೋ ಎಷ್ಟು ಸಲ ನೋಡಿದೆನೋ. ಮಲಪ್ರಭೆ ನಮ್ಮ ಮನೆಗೆ ಬಂದು ಆಗ ಎರಡೇ ತಿಂಗಳು. ಅದನ್ನು ಬರೆಯಲ್ಲ, ನಿನಗೂ ಗೊತ್ತು.

ಒಂದು ಮಾತ್ರ. ಆ ಸಂಜೆ ನೀನು ಹೊರಡೋಣ ಅಂದೆ, ನಾನು "ತಡಿ, ನೋಡೋಣ" ಅಂದೆ. ಎರಡನೇ ಸಲ ಕೇಳಿದಾಗ ಬೈದೆ. ತಪ್ಪು ನನ್ನದೇ, ಇಷ್ಟು ವರ್ಷ ಹೇಳಲಿಲ್ಲ. ಹೊಯಾಸು ಕಡೆ ದಂಡೆ ಒಡೆಯುವ ಮೊದಲೇ ಊರಿನ ಬೆಂಕಿಪಡೆಯ ಹುಡುಗರು ಗಂಟೆ ಬಾರಿಸಿ ಜನರನ್ನು ಎಬ್ಬಿಸಿದರಂತೆ. ನಿನ್ನಪ್ಪ ಅಲ್ಲಿದ್ದಿದ್ದರೆ ಗಂಟೆ ಕೇಳಿಯೂ ಮಗ್ಗುಲು ಬದಲಿಸುತ್ತಿದ್ದ.

ಪಾಲಿಕೆಯ ಹಜಾರ್ಡ್ ಮ್ಯಾಪ್, ಅಂದರೆ ನೆರೆ ಎಲ್ಲಿ ಎಷ್ಟು ಬರಬಹುದು ಅಂತ ಬಣ್ಣದಲ್ಲಿ ತೋರಿಸುವ ನಕ್ಷೆ, ತೆಗೆದು ಮನೆ ಯಾವ ಬಣ್ಣದಲ್ಲಿದೆ ನೋಡು. ಸುಮ್ನೆ ಕಪಾಟಿನಲ್ಲಿ ಇಡಬೇಡ. ಪಾಸ್‌ಪೋರ್ಟ್ ಮೇಲಿನ ಗೂಡಿನಲ್ಲಿರಲಿ. ಆ ಕಡೆಯ ಒಂದು ದೇವಸ್ಥಾನದಲ್ಲಿ 1742ರ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಹಾಕಿದ ಕಂಬ ಇದೆ, ಹೋಗಿ ಪಕ್ಕದಲ್ಲಿ ನಿಂತು ನೋಡು. ನಮ್ಮ ದೇವರಕೋಣೆಯ ಗೋಡೆಯ ಕಂದು ಗೆರೆಗೆ ನಾನಿನ್ನೂ ಸುಣ್ಣ ಹೊಡೆಸಿಲ್ಲ.

ಪಾಠ ಶುರುಮಾಡಿದೆ ಅಲ್ವಾ? ಸರಿ. ಮಹಡಿ ಮೇಲಿನ ಮನೆ ಹುಡುಕು, ಹೆಚ್ಚಿನ ಬಾಡಿಗೆ ನಾನು ಕಳಿಸುತ್ತೇನೆ. ಇದನ್ನು ಓದಿ "ನೋಡೋಣ ಅಪ್ಪಾ" ಅಂತ ಮಾತ್ರ ಮೆಸೇಜ್ ಹಾಕಬೇಡ.

ನಿನ್ನ ಅಪ್ಪ