ತಪ್ಪು ಆರಿಸಿಕೊಂಡರೆ ದೇವರು ಕೈಬಿಡುತ್ತಾನಾ?

ಆನಂದಪುರ, ಕೊಡಗು
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. ನಿನ್ನ ಕಾಗದ ಬಂತು. ಜರ್ಮನಿಯ ಕೆಲಸ, ಅಮ್ಮನ ಮಂಡಿ ನೋವು, ತೋಟ ಯಾರು ನೋಡುತ್ತಾರೆ ಎಂಬ ಮಾತು, ಇದೆಲ್ಲ ಮನೆಯಲ್ಲಿ ಆಡಿ ಆಡಿ ಸವೆದಿದೆ. ನಾನು ಮತ್ತೆ ಅದಕ್ಕೆ ಹೋಗುವುದಿಲ್ಲ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದು ನನ್ನನ್ನು ಮಲಗಲು ಬಿಡಲಿಲ್ಲ. ತಪ್ಪಾದದ್ದನ್ನು ಆರಿಸಿಕೊಂಡರೆ ದೇವರ ಚಿತ್ತದಿಂದ ಹೊರಗೆ ಹೋಗಿಬಿಡುತ್ತೇನೆ, ಆಮೇಲೆ ಆತನು ನನ್ನ ಜೊತೆ ಇರುವುದಿಲ್ಲ ಅಂತ.

ಇದನ್ನು ನಿನಗೆ ಯಾರು ಹೇಳಿದರು? ಹಾಸ್ಟೆಲಿನ ಪ್ರಾರ್ಥನಾ ಕೂಟದವರಾ? ಅಥವಾ ನೀನೇ ಕೂತು ಕಟ್ಟಿಕೊಂಡದ್ದಾ? ಯಾರೂ ಹೇಳಿರಲಿಕ್ಕಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಯಾಕೋಬನ ಪತ್ರಿಕೆಯ ಒಂದನೇ ಅಧ್ಯಾಯದಿಂದ ಆರನೇ ವಚನ ಬರೆದಿದ್ದೀಯ. ಸಂಶಯಪಡುವವನು ಸಮುದ್ರದ ತೆರೆಯ ಹಾಗೆ ಅಂತ. ಅದರ ಮೇಲೇ ಐದನೆಯದು ಇದೆ, ಅದನ್ನು ಯಾಕೆ ಬಿಟ್ಟೆ? ಜ್ಞಾನ ಕಡಿಮೆ ಇದ್ದರೆ ದೇವರನ್ನು ಕೇಳಿ, ಆತನು ಹಂಗಿಸದೆ ಕೊಡುತ್ತಾನೆ ಅಂತ ಇದೆ. ಕೇಳು ಅಂದಿರುವುದು ಜ್ಞಾನ. ಇಂಥ ಊರಿಗೆ ಹೋಗು ಎಂಬ ಆರ್ಡರ್ ಕಾಪಿ ಅಲ್ಲ. ನಾವು ಕೇಳುವುದು ಮಾತ್ರ ಯಾವಾಗಲೂ ಆರ್ಡರ್ ಕಾಪಿಯೇ, ಅಲ್ವಾ?

ಚೀಟಿ ಬರೆದು ಸತ್ಯವೇದದಲ್ಲಿ ಇಟ್ಟು ಎತ್ತಲಾ ಅಂತ ಕೇಳಿದ್ದೀಯ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿಯೇ ಆರಿಸಿದರು, ನಿಜ. ಆದರೆ ಅದು ಪಂಚಾಶತ್ತಮಕ್ಕೆ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಬಂದ ದಿನಕ್ಕೆ ಮೊದಲು. ಆಮೇಲೆ ಶಿಷ್ಯರು ಮತ್ತೆ ಚೀಟಿ ಹಾಕಿದ್ದು ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ. ಪೌಲ ಆಸ್ಯ ಸೀಮೆಗೆ ಹೊರಟ, ತಡೆಯಾಯಿತು. ಬಿಥೂನ್ಯದ ಕಡೆ ತಿರುಗಿದ, ಅಲ್ಲೂ ತಡೆ. ತ್ರೋವಕ್ಕೆ ಬಂದ ಮೇಲೆ ಮಕೆದೋನ್ಯದವನ ದರ್ಶನ. ಎರಡು ಸಲ ಬೇರೆ ಕಡೆ ಹೊರಟ ಅಂತ ದೇವರು ಅವನನ್ನು ಬಿಟ್ಟನಾ? ನಡೆಯುತ್ತಿದ್ದವನಿಗೇ ದಾರಿ ತೋರಿಸಿದ್ದು.

ಪಾಠ ಮಾಡುತ್ತಿದ್ದೇನೆ ಅನ್ನಬೇಡ. ಮೂವತ್ತು ವರ್ಷ ಟೀಚರ್ ಆಗಿದ್ದವಳ ಚಾಳಿ.

ನನ್ನದೊಂದು ವಿಷಯ ಹೇಳುತ್ತೇನೆ. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ. ಮದುವೆಗೆ ಮೊದಲು ಮಂಗಳೂರಿಂದ ಒಂದು ಸಂಬಂಧ ಬಂದಿತ್ತು. ಹುಡುಗ ದೇವರ ಸೇವೆಗೆ ಓದುತ್ತಿದ್ದ. ನಿನ್ನ ಅಜ್ಜಿ ಆಗಲೇ ಹಾಸಿಗೆ ಹಿಡಿದಿದ್ದರು. ಉಪವಾಸ ಮಾಡಿದೆ, ಪ್ರಾರ್ಥನೆ ಮಾಡಿದೆ. ಆ ಹೊಸವರ್ಷದ ವಾಗ್ದಾನದ ವಚನದ ಕಾರ್ಡು ತಿರುಗಿಸಿ ತಿರುಗಿಸಿ ನೋಡಿದೆ. ಮೂಲೆ ಮಡಚಿ ಹಾಳಾಯಿತೇ ಹೊರತು ಏನೂ ಹೊಳೆಯಲಿಲ್ಲ. ಕೊನೆಗೆ ಬೇಡ ಅಂದೆ. ಆಮೇಲೆ ನಿನ್ನ ದೊಡ್ಡಪ್ಪ ಬಂದರು. ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ, ಈ ಕಾಗದ ಅವರಿಗೆ ಮಾತ್ರ ಓದಿ ಹೇಳಬೇಡ.

ಅಂದಿನಿಂದ ಒಳಗೊಳಗೇ ಒಂದು ಲೆಕ್ಕದ ಪುಸ್ತಕ ಇಟ್ಟೆ. ಅರೇಬಿಕಾ ಕಾಫಿಗೆ ಕಾಂಡ ಕೊರೆಯುವ ಬೋರರ್ ಹುಳು ಹಿಡಿದು ಸಾಲುಸಾಲು ಗಿಡ ಕಿತ್ತು ಸುಟ್ಟಾಗ, ಇದು ಅದಕ್ಕೇ ಅಂದುಕೊಂಡೆ. ಮೊದಲ ಮಗು ಹೋದಾಗಲೂ ಅದೇ. ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಕೂತಿದ್ದೆ. ಟವೆಲಿನಲ್ಲಿ ಸುತ್ತಿ ತಂದರು. ಎಲ್ಲರೂ ಅಳುತ್ತಿದ್ದಾರೆ, ನಾನು ಮಂಗಳೂರಿಗೆ ಬೇಡ ಅಂದದ್ದು ಯಾವ ತಿಂಗಳು ಅಂತ ಲೆಕ್ಕ ಹಾಕುತ್ತಿದ್ದೇನೆ. ತಾಯಿ ಅಳಬೇಕಾದ ಹೊತ್ತದು. ಆ ಸಂಬಂಧ ಬಿಟ್ಟದ್ದಕ್ಕೆ ನನಗೆ ಈಗ ಬೇಸರವಿಲ್ಲ ಮಗಾ. ಅವತ್ತು ನನ್ನ ಮಗುವಿಗಾಗಿ ಅಳಲಿಲ್ಲವಲ್ಲ, ಅದು ಹೋಗುವುದಿಲ್ಲ.

ಅದಕ್ಕೇ ನಿನ್ನ ಸಾಲು ನೋಡಿ ಹೆದರಿದೆ. ನೀನು ಜರ್ಮನಿಗೆ ಹೋಗು, ಹೋಗದಿರು. ಈ ಪುಸ್ತಕ ಮಾತ್ರ ತೆರೆಯಬೇಡ.

ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ತಡವಾಯಿತು. ರೋಬಸ್ಟಾ ಮೊಗ್ಗು ಕಾದು ನಿಂತಿತ್ತು. ನಾವಿಬ್ಬರೂ ದಿನಾ ರಾತ್ರಿ ಮಳೆಗೆ ಪ್ರಾರ್ಥನೆ ಮಾಡಿದೆವು. ದೊಡ್ಡಪ್ಪ ಆಕಾಶ ನೋಡಿ ನೋಡಿ, ಕೊನೆಗೆ ಕೆರೆ ಹತ್ತಿರ ಪಂಪು ಇಟ್ಟು ಸ್ಪ್ರಿಂಕ್ಲರ್ ಹಾಕಿಸಿದರು. ಎರಡೇ ದಿನಕ್ಕೆ ಮಳೆ ಸುರಿಯಿತು! ಡೀಸೆಲ್ ದುಡ್ಡು ದಂಡ. ಕಾಯಬೇಕಿತ್ತು ಅಂದೆ. "ಕಾದು ಮೊಗ್ಗು ಕರಟಿದ್ದರೆ?" ಅಂದರು, ಕಾಫಿ ಕುಡಿದು ಎದ್ದು ಹೋದರು. ನಂಬಿಕೆ ಸಾಲಲಿಲ್ಲ, ದೇವರು ಮುನಿಸಿಕೊಂಡ ಅಂತೆಲ್ಲ ಅವರ ತಲೆಗೇ ಬರಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದ್ದು ಅವರೇ. ಶ್ರುತಿ ಇಲ್ಲ, ಅದು ಬೇರೆ ಮಾತು.

ನಮ್ಮ ಊರಿನ ಸಭೆ ಕಟ್ಟಿದ ಜರ್ಮನ್ ಮಿಷನರಿ ಮೋಗ್ಲಿಂಗ್ ಅಯ್ಯನವರು 1853ರಲ್ಲಿ ಕೊಡಗಿಗೆ ಬಂದವರು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು ಜರ್ಮನಿಗೆ ಹೋದರು. ಮತ್ತೆ ಬರಲಾಗಲಿಲ್ಲ, 1881ರಲ್ಲಿ ಅಲ್ಲೇ ತೀರಿಕೊಂಡರು. ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಹೋದದ್ದು ದೇವರ ಚಿತ್ತ ಮೀರಿದ್ದು ಅಂತ ನಮ್ಮಲ್ಲಿ ಯಾರಾದರೂ ಹೇಳಿದ್ದು ಕೇಳಿದ್ದೀಯಾ? ನಿನಗೆ ಮಾತ್ರ ಯಾಕೆ ಬೇರೆ ಕಾನೂನು?

ನನಗೆ ಜರ್ಮನಿಯ ವಿಷಯ ಏನು ಗೊತ್ತು, ಆದರೂ ಬರೆಯುತ್ತೇನೆ. ಏಜೆನ್ಸಿಗೆ ದುಡ್ಡು ಕಟ್ಟುವ ಮೊದಲು ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆನ್ಸಿಗಳ ಸರ್ಕಾರಿ ಇ-ಮೈಗ್ರೇಟ್ ಪಟ್ಟಿಯಲ್ಲಿ ಅದರ ಹೆಸರಿದೆಯಾ ನೋಡು. ಕಾಗದಪತ್ರಕ್ಕೆ ಸಹಿ ಹಾಕುವ ಮೊದಲು ಯಾರಾದರೂ ತಿಳಿದವರಿಂದ ಓದಿಸು. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಯಾವ ತೀರ್ಮಾನವೂ ಬೇಡ, ಮೊದಲು ಏನಾದರೂ ತಿಂದು ಮಲಗು. ಪ್ರಾರ್ಥನೆ ಕೂಡ ಎದ್ದ ಮೇಲೆ ಮಾಡಬಹುದು. ನಮ್ಮ ಪಾಸ್ಟರ್ ಅಯ್ಯನವರು ಇದನ್ನು ಒಪ್ಪುತ್ತಾರೋ ಇಲ್ಲವೋ.

ಕೂಟದಲ್ಲಿ ಯಾರೋ ನಿನಗಾಗಿ ದರ್ಶನ ಕಂಡರು ಅಂದಿದ್ದೀಯ. ಅವರನ್ನು ಹಗುರವಾಗಿ ನೋಡಬೇಡ, ವಂದನೆ ಹೇಳು. ಆದರೆ ಅವರು ನಿನ್ನ ಅಮ್ಮನ ಮಂಡಿ ನೋಡಿಲ್ಲ, ನಿನ್ನ ಸಾಲದ ಕಂತು ಕಟ್ಟುವುದಿಲ್ಲ. ಅಮ್ಮನನ್ನೇ ನೇರವಾಗಿ ಕೇಳು, ನಾನು ಹೋದರೆ ನಿನಗೆ ಹೇಗೆ ಅಂತ. ನಿಮ್ಮಿಬ್ಬರಲ್ಲಿ ಆ ಮಾತು ಇನ್ನೂ ಆಗಿಲ್ಲ ಅಂತ ನನಗೆ ಅನುಮಾನ. ಅವಳು ನನ್ನ ಹತ್ತಿರ ಬೇರೆಯೇ ಹೇಳುತ್ತಾಳೆ. ಅದನ್ನು ನಾನು ಬರೆಯುವುದು ಸರಿಯಲ್ಲ.

ಯುದ್ಧಕ್ಕೆ ಹೋಗುವ ಮೊದಲು ಗಿದ್ಯೋನ ಒಂದಲ್ಲ ಎರಡು ಸಲ ಉಣ್ಣೆ ಇಟ್ಟು ಪರೀಕ್ಷೆ ಮಾಡಿದ. ಗೆಲ್ಲಿಸುತ್ತೇನೆ ಅಂತ ದೇವರು ಆಗಲೇ ಹೇಳಿಯಾಗಿತ್ತು, ಆದರೂ ಅವನಿಗೆ ಪುಕ್ಕಲು. ದೇವರು ಬೈಯಲಿಲ್ಲ. ನೀನು ಹೆದರಿದ್ದಕ್ಕೂ ಬೈಯುವುದಿಲ್ಲ, ಆರಿಸಿಕೊಂಡದ್ದಕ್ಕೂ ಬಿಟ್ಟು ಹೋಗುವುದಿಲ್ಲ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಬೇರೆ ಯಾವುದನ್ನೂ ಇಷ್ಟು ಗಟ್ಟಿಯಾಗಿ ಹೇಳಲಾರೆ.

ಜರ್ಮನಿಯ ಕೆಲಸದವರಿಗೆ ಉತ್ತರ ಕೊಡಲು ಕೊನೆಯ ತಾರೀಖು ಯಾವುದು ಅಂತ ನೀನು ಬರೆದೇ ಇಲ್ಲ. ಅದನ್ನು ತಿಳಿಸು. ಫೋನ್ ಮಾಡುವುದಾದರೆ ಎಂಟರ ಮೇಲೆ ಮಾಡು, ಅಷ್ಟು ಹೊತ್ತಿಗೆ ದೊಡ್ಡಪ್ಪ ಮಲಗಿರುತ್ತಾರೆ.

ನಿನ್ನ
ದೊಡ್ಡಮ್ಮ